ಒಣ ನಳಗಳ ಹೆಡ್‌ಮಾಸ್ತರರು

ಬಿಸಿಯೂಟದ ಗಂಟೆ ಹೊಡೆದ ಕೂಡಲೇ ಹೆಡ್‌ಮಾಸ್ತರ ಬಶೀರ್ ಸರ್ ತಂಬಿಗೆ ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದರು. ಬೆನ್ನ ಹಿಂದೆ ಹೊಸ ಟೈಲ್ಸ್ ಗೋಡೆ, ಅದರಲ್ಲಿ ಸಾಲಾಗಿ ಹೊಳೆಯುವ ನಳಗಳು. ಒಂದರಲ್ಲೂ ನೀರಿರಲಿಲ್ಲ. ಓಣಿಯ ಬೋರ್‌ವೆಲ್‌ನಿಂದ ತಾವೇ ಕೊಡ ತುಂಬಿಸಿ ತಂದು, ಒಂದೊಂದು ಮಗುವಿನ ಕೈಗೂ ನೀರು ಹಾಕುತ್ತಿದ್ದರು.

"ಬಾ ಬೇಟಾ, ಸಾಬೂನು ಛಂದಂಗ ತಿಕ್ಕು. ಸದ್ಯ ನಾನೇ ನಳ."

"ಸಾಕ್ರಿ ಸರ. ಕಿವಿ ತಿರುವಿ ಬಂದ್ ಮಾಡ್ಲೇನ್ರಿ?" ಎಂದಿದ್ದಳು ಏಳನೆಯ ತರಗತಿಯ ಭಾಗ್ಯ. ಸರ್ ಬಗ್ಗಿ ಕಿವಿ ಕೊಟ್ಟಿದ್ದರು.

ಕಮಲಾಪುರದ ಆ ಸರಕಾರಿ ಶಾಲೆಗೆ ನಾನು ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿಬಂದು ಪಾಠ ಮಾಡುತ್ತಿದ್ದೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಕೈ ತೊಳೆಯುವ ನಳಗಳಿಗೆ, ಹೆಣ್ಣುಮಕ್ಕಳ ಶೌಚಾಲಯದ ನೀರಿಗೆ ಸರಕಾರ ಅನುದಾನ ಕೊಟ್ಟಿತು. ಬಂದದ್ದು ಮಾರ್ಚ್ ಕೊನೆಗೆ. ತಿಂಗಳು ಮುಗಿದರೆ ಹಣ ವಾಪಸ್. ಅಂಥ ಹೊತ್ತಿಗೆ ನಮ್ಮಲ್ಲೊಂದು ರೂಢಿಯಿದೆ: ಕೆಲಸ ಮುಗಿದಿದೆ ಎಂದು ಮೊದಲು ಸಹಿ, ಕೆಲಸ ಆಮೇಲೆ. ಸೀಮೆಸುಣ್ಣದ ಡಬ್ಬಿಯನ್ನೂ ತೆರೆದು ನೋಡದೆ ಸಹಿ ಮಾಡದ ಬಶೀರ್ ಸರ್ ಆ ದಿನ ಮಾಡಿಬಿಟ್ಟರು.

"ಮಕ್ಕಳ ರೊಕ್ಕರೀ ಟೀಚರ್. ಹೊಳ್ಳಿ ಹೋದ್ರ ಮತ್ತ ಬರೂದಿಲ್ಲ."

ಗುತ್ತಿಗೆದಾರ ಗೋಡೆ ಕಟ್ಟಿಸಿದ, ನಳ ಕೂರಿಸಿದ, ಫೋಟೊ ತೆಗೆದುಕೊಂಡು ಹೋದ. ಪೈಪು ಬರಲೇ ಇಲ್ಲ. ಆಮೇಲೆ ಅವನು ಫೋನೂ ಎತ್ತಲಿಲ್ಲ.

ಶಾಲೆ ತೆರೆದ ಕೆಲವು ತಿಂಗಳಿಗೆ ಭಾಗ್ಯ ಬರುವುದನ್ನು ನಿಲ್ಲಿಸಿದಳು. ಸರ್ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಅವಳ ತಾಯಿ ನಮಗೆ ಚಾಪೆ ಹಾಸಿದರು.

"ನೀವು ಕೈಗಿ ನೀರ ಹಾಕ್ತೀರಿ ಸರ, ಖರೇ ಅದ. ಹುಡುಗಿ ದೊಡ್ಡಾಕಿ ಆಗ್ಯಾಳ. ಶೌಚಾಲಯದಾಗ ಯಾರು ಹಾಕ್ತಾರ್ರಿ?"



ಮರುದಿನ ಪೈಪಿಗೆ ಮತ್ತೊಮ್ಮೆ ಅನುದಾನ ಕೇಳಲು ಕಲಬುರಗಿಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತ ಕಡತ ತೆರೆದು ನೋಡಿ, "ನಿಮ್ಮ ಸಾಲಿಗಿ ನೀರ ಬಂದದಲ್ರಿ ಸರ. ನೀವೇ ಸಹಿ ಮಾಡೀರಿ. ಮತ್ತೊಮ್ಮಿ ಹ್ಯಾಂಗ ಕೊಡ್ತಾರ?" ಎಂದ.

"ಅದು ಸುಳ್ಳ ಸಹಿ. ಹಂಗಂತ ಬರದು ಕೊಡ್ತೀನಿ."

ಅವನು ದನಿ ತಗ್ಗಿಸಿದ. ಅದರಲ್ಲಿ ಕರುಣೆಯೇ ಇತ್ತು. "ರಿಟೈರ್ ಆಗೂ ವ್ಯಾಳ್ಯಾದಾಗ ಯಾಕ್ರಿ ಸರ? ಪೆನ್ಶನ್ ನಿಂತರ ಏನ್ ಮಾಡ್ತೀರಿ?"

ಸರ್ ಬಿಳಿ ಹಾಳೆ ಕೇಳಿ ತೆಗೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿ, ಖಾಲಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಬರೆಯಿರಿ ಎಂದು ನಾನು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ವಾಪಸು ಶಾಲೆಗೆ ಬರುವ ಬಸ್ಸಿನಲ್ಲಿ ಸರ್ ಆಡಿದ್ದು ಒಂದೇ ಮಾತು: "ರೊಕ್ಕ ಹೊಳ್ಳಿ ಹೋಗಿದ್ರನ ಛಲೋ ಇತ್ತು. ನೀರ ಇಲ್ಲ ಅಂತ ಇನ್ನೊಮ್ಮಿ ಕೇಳಬಹುದಿತ್ತು."

ನಿವೃತ್ತಿಯ ದಿನ ಹಾರ ಬೇಡವೆಂದು ಕೈ ಮುಗಿದು ಹೊರಟುಹೋದರು.

ಕಡೆಯ ಬಾರಿ ಅವರನ್ನು ಕಂಡದ್ದು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ. ತೊಗರಿ ಬೇಳೆ ಕೊಂಡು ಅಂಗಡಿಯ ಮೆಟ್ಟಿಲಿಳಿಯುತ್ತಿದ್ದರು. ಕ್ಷೇಮಸಮಾಚಾರವಾದ ಮೇಲೆ ಮೆಲ್ಲಗೆ ಕೇಳಿದರು, "ಭಾಗ್ಯ ಸಾಲಿಗಿ ಬಂದಳೇನ್ರಿ?"

"ಇಲ್ರಿ ಸರ. ಲಗ್ನಾ ಮಾಡಿ ಕೊಟ್ರು."

ಕೊರೊನಾ ಕಳೆದು ಹೋಗಿತ್ತು; ಗಂಜಿನ ಅಷ್ಟು ಜನರಲ್ಲಿ ಯಾರ ಮುಖಕ್ಕೂ ಮಾಸ್ಕ್ ಇರಲಿಲ್ಲ. ಸರ್ ಜೇಬಿನಿಂದ ಹಳೆಯದೊಂದನ್ನು ತೆಗೆದು, ಕಣ್ಣಿನವರೆಗೂ ಎಳೆದು ಕಟ್ಟಿಕೊಂಡು, ಮೂಟೆಗಳ ನಡುವೆ ನಡೆದುಹೋದರು.