ಚೈನಾಟೌನಿನಲ್ಲಿ ನಾವು ತಿಂದದ್ದು

ಲಂಡನ್ನಿನ ಚೈನಾಟೌನ್ ನೋಡಲು ಬರುವವರು ಸಾಮಾನ್ಯವಾಗಿ ದೊಡ್ಡ ಕಮಾನಿನ ಎದುರು ನಿಂತು ಫೋಟೋ ತೆಗೆಸಿಕೊಂಡು, ಕೆಂಪು ಲಾಂದ್ರಗಳ ಕೆಳಗೆ ಒಂದು ಸುತ್ತು ಹಾಕಿ, ಬಬಲ್ ಟೀ ಹೀರುತ್ತಾ ಟ್ಯೂಬ್ ರೈಲು ಹತ್ತಿಬಿಡುತ್ತಾರೆ. ಅವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ. ಹನ್ನೊಂದು ವರ್ಷಗಳಿಂದ ನನ್ನ ಮಧ್ಯಾಹ್ನದ ಊಟ ಅಲ್ಲಿಯೇ. ಚೇರಿಂಗ್ ಕ್ರಾಸ್ ರಸ್ತೆಯ ಹತ್ತಿರ ಒಂದು ಕನ್ನಡಕದ ಅಂಗಡಿಯಲ್ಲಿ ನಾನು ರಿಸೆಪ್ಷನಿಸ್ಟ್. ಊಟಕ್ಕೆ ಸಿಗುವುದು ಮುಕ್ಕಾಲು ಗಂಟೆ. ಗ್ರೀನ್‌ಫರ್ಡಿನ ಮನೆಯಿಂದ ಡಬ್ಬಿ ಕಟ್ಟಿಕೊಂಡು ಬರಬಹುದು, ಆದರೆ ಕಟ್ಟುವುದಿಲ್ಲ.

ಗಾಜಿನ ಹಿಂದೆ ನಿಂತು ಹಿಟ್ಟನ್ನು ಮೇಜಿಗೆ ಬಡಿಬಡಿದು ನೂಡಲ್ಸ್ ಎಳೆಯುವವನ ಅಂಗಡಿ ಎಲ್ಲಿದೆ, ಹಬೆಯಲ್ಲಿ ಬೆಂದ ಬಾವ್ ಎಂಬ ಬನ್ನು ಯಾವ ಕಿಟಕಿಯಲ್ಲಿ ಬಿಸಿಯಾಗಿ ಸಿಗುತ್ತದೆ, ಯಾವ ಹೋಟೆಲಿನ ಸೂಪು ಬರೀ ನೀರು, ಎಲ್ಲ ನನಗೆ ಗೊತ್ತು. ಆದರೆ ನನ್ನ ಕಾಲು ತಾನಾಗಿ ಹೋಗುವುದು ಲೈಲ್ ಬೀದಿಯ ಒಂದು ಸಣ್ಣ ಅಂಗಡಿಗೆ. ಅದರ ಕಿಟಕಿಯಲ್ಲಿ ಕೆಂಪಗೆ ಸುಟ್ಟ ಬಾತುಕೋಳಿಗಳು, ಅವುಗಳ ಪಕ್ಕದಲ್ಲಿ ಕೊಕ್ಕೆಗೆ ಸಿಕ್ಕಿಸಿದ ಹಂದಿಯ ಹೊಟ್ಟೆಯ ಭಾಗ. ಒಳಗೆ ಒಬ್ಬ ದಪ್ಪ ಮರದ ಕೊರಡಿನ ಮೇಲೆ ಅಗಲವಾದ ಕತ್ತಿಯಿಂದ ಅದನ್ನು ಕೊಚ್ಚುತ್ತಾನೆ. ಮೇಲಿನ ಚರ್ಮ ಹಪ್ಪಳದಂತೆ ಮುರಿಯುವ ಸದ್ದು ಬಾಗಿಲಿಗೇ ಕೇಳುತ್ತದೆ. ಅನ್ನ, ಅದರ ಮೇಲೆ ಆರೇಳು ತುಂಡು, ಪಕ್ಕದಲ್ಲಿ ಬೇಯಿಸಿದ ಸೊಪ್ಪು. ಇಷ್ಟು ವರ್ಷಗಳಲ್ಲಿ ಅವನು ನನ್ನ ಹೆಸರು ಕೇಳಿಲ್ಲ, ಊರು ಕೇಳಿಲ್ಲ, ನೀವು ಯಾವ ಪೈಕಿ ಎಂದು ಸುತ್ತಿ ಬಳಸಿ ಕೇಳಿಲ್ಲ. ಅವನು ಕೇಳುವುದು ಒಂದೇ ಪ್ರಶ್ನೆ, ಅನ್ನವೋ ನೂಡಲ್ಸೋ ಎಂದು.

ಕೇಳುವವರು ನಮ್ಮವರೇ. ನಾನು ಉಡುಪಿ ಕಡೆಯ ಕ್ರಿಶ್ಚಿಯನ್ನಳು, ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಮಾಧ್ಯಮದಲ್ಲಿ. ಲಂಡನ್ನಿಗೆ ಬಂದ ಮೇಲೆ ಕನ್ನಡ ಕಿವಿಗೆ ಬೀಳಲಿ ಎಂಬ ಆಸೆಯಿಂದ ಒಂದು ಕನ್ನಡ ಕೂಟಕ್ಕೆ ಸೇರಿದೆ. ಕೂಟದಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರಿನವರು. ಒಳ್ಳೆಯ ಜನ. ನನ್ನ ಕನ್ನಡ ಪುಸ್ತಕದ ಹಾಗಿದೆ ಎಂದು ನಗುತ್ತಾರೆ, ನಾನೂ ನಗುತ್ತೇನೆ. ಎರಡು ತಿಂಗಳಿಗೊಮ್ಮೆ ಕ್ವೀನ್ಸ್‌ಬರಿಯ ಒಂದು ಹಾಲ್‌ನಲ್ಲಿ ಎಲ್ಲರೂ ಅಡುಗೆ ಮಾಡಿ ತಂದು ಹಂಚಿಕೊಂಡು ಉಣ್ಣುತ್ತೇವೆ. ಯಾರು ಏನು ತರಬೇಕೆಂಬ ಪಟ್ಟಿ ಮೊದಲೇ ವಾಟ್ಸಾಪಿನಲ್ಲಿ ಬರುತ್ತದೆ. ಒಬ್ಬರಿಗೆ ಬಿಸಿಬೇಳೆ ಬಾತ್, ಒಬ್ಬರಿಗೆ ಕೋಸಂಬರಿ, ಇನ್ನೊಬ್ಬರಿಗೆ ಪಾಯಸ. ಒಂಬತ್ತು ವರ್ಷ ನನ್ನ ಪಾಲಿಗೆ ಬಂದದ್ದು ಪೇಪರ್ ಪ್ಲೇಟು, ಟಿಶ್ಯೂ ಮತ್ತು ಕಿತ್ತಳೆ ಜ್ಯೂಸು.

'ನಿಮಗ್ಯಾಕೆ ತೊಂದ್ರೆ, ಕೆಲ್ಸಕ್ಕೆ ಬೇರೆ ಹೋಗ್ತೀರ,' ಎಂದು ಕೂಟದ ಅಧ್ಯಕ್ಷೆ ಪ್ರತಿ ಸಲವೂ ಮೃದುವಾಗಿ ಹೇಳುತ್ತಿದ್ದರು. ಬಿಸಿಬೇಳೆ ಬಾತ್ ಮಾಡುವಾಕೆ ಆಸ್ಪತ್ರೆಯಲ್ಲಿ ಡಾಕ್ಟರು. ಅವರಿಗೆ ತೊಂದರೆಯಿಲ್ಲವಂತೆ. ನನ್ನ ಮನೆಯ ಪಾತ್ರೆಯಲ್ಲಿ ಏನು ಬೆಂದಿರಬಹುದು ಎಂಬ ಯೋಚನೆ ಅದರ ಹಿಂದೆ ಇದೆಯೆಂದು ತಿಳಿಯಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ನಾನು ಸುಮ್ಮನೆ ಪ್ಲೇಟು ಹೊತ್ತುಕೊಂಡು ಹೋದೆ, ಮನಸ್ಸಿನಲ್ಲಿ ಮಾತ್ರ ಅವರಿಗೆಲ್ಲ ಬೈಯುತ್ತಾ.

ಹೋದ ವರ್ಷ ಆ ಅಧ್ಯಕ್ಷೆಯೇ ಫೋನ್ ಮಾಡಿದರು. ಮೈಸೂರಿನಿಂದ ಅವರ ಅಮ್ಮ ಬಂದಿದ್ದಾರೆ, ಶನಿವಾರ ನಾಲ್ಕೈದು ಮನೆಯವರು ಸೇರಿ ಚೈನಾಟೌನ್ ನೋಡೋಣ ಅಂತಿದ್ದೇವೆ, ನೀವು ಅಲ್ಲೇ ಕೆಲಸ ಮಾಡುವವರು, ತೋರಿಸಿಕೊಡಿ ಎಂದರು. ಒಂಬತ್ತು ವರ್ಷಕ್ಕೆ ಮೊದಲ ಸಲ ನನ್ನಿಂದ ಏನೋ ಬೇಕಾಗಿತ್ತು. ಒಪ್ಪಿಕೊಂಡೆ. ಹದಿನಾಲ್ಕು ವರ್ಷದ ನನ್ನ ಮಗಳೂ ಜೊತೆಗೆ ಬಂದಳು. ಗಂಡನಿಗೆ ಶಿಫ್ಟ್ ಇತ್ತು.

ಮೊದಲು ಮಕ್ಕಳು ಮೀನಿನ ಆಕಾರದ ವಾಫಲ್ ಮಾಡುವ ಅಂಗಡಿಯ ಮುಂದೆ ನಿಂತರು. ಕಬ್ಬಿಣದ ಅಚ್ಚಿಗೆ ಹಿಟ್ಟು ಹೊಯ್ದು, ಕಸ್ಟರ್ಡ್ ತುಂಬಿ, ಬೆಂದ ಮೇಲೆ ಅದರ ತೆರೆದ ಬಾಯಿಗೆ ಐಸ್‌ಕ್ರೀಮ್ ತುರುಕಿ ಕೊಡುತ್ತಾರೆ. ಅಧ್ಯಕ್ಷೆಯ ಅಮ್ಮನಿಗೆ ಅದು ಹಿಡಿಸಲಿಲ್ಲ.

'ಕಣ್ಣು, ಬಾಲ ಎಲ್ಲ ಇದೆಯಲ್ಲಮ್ಮ. ಅದನ್ನ ಹೆಂಗೆ ಬಾಯಿಗಿಡ್ತೀರಾ?'

'ಅಮ್ಮ, ಬರೀ ಹಿಟ್ಟು ಅದು,' ಎಂದರು ಅಧ್ಯಕ್ಷೆ.

'ಹಿಟ್ಟಾದ್ರೆ ದುಂಡಗೆ ಮಾಡ್ಲಿ.'

ಕೊನೆಗೆ ಬಾಲ, ತಲೆ ಎಲ್ಲವನ್ನೂ ಮುರಿದು ಆಕಾರ ಕೆಡಿಸಿ ಮಕ್ಕಳಿಗೆ ಕೊಡಲಾಯಿತು. ನಾನೂ ಎಲ್ಲರ ಜೊತೆ ನಕ್ಕೆ. ಆ ಹಿರಿಯರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅನಿಸಿದ್ದನ್ನು ಅವರು ಮುಖದ ಮೇಲೆಯೇ ಹೇಳಿದ್ದರು.

ಮುಂದೆ ಒಂದು ಬೇಕರಿ. ನಾನು ಹೊರಗೆ ಮಕ್ಕಳ ತಲೆ ಎಣಿಸುತ್ತಿದ್ದಾಗ ಆ ಅಮ್ಮ ಒಳಗೆ ಹೋಗಿ ಒಂದು ಪೊಟ್ಟಣ ಕೊಂಡುಕೊಂಡಿದ್ದರು. ಪದರು ಪದರಾಗಿ ಉದುರುವ ದುಂಡನೆಯ ತಿಂಡಿ, ಒಳಗೆ ಬೂದುಗುಂಬಳದ ಸಿಹಿ ಹೂರಣ.

'ಕುಂಬಳಕಾಯಿದಂತೆ. ನಮ್ಮ ಕಾಶಿ ಹಲ್ವ ಇದ್ದಂಗೇ ಇರ್ಬೇಕು,' ಎಂದು ಖುಷಿಯಿಂದ ಒಂದನ್ನು ಕೈಗೆತ್ತಿಕೊಂಡರು.

ಆ ಬೇಕರಿಯ ತಿಂಡಿ ನಾನೂ ತಿಂದಿದ್ದೇನೆ, ಹೇಗೆ ಮಾಡುತ್ತಾರೆಂದು ಕೇಳಿಯೂ ಇದ್ದೇನೆ. ಪದರುಗಳು ಹಾಗೆ ಬಿಡಿಸಿಕೊಳ್ಳಬೇಕಾದರೆ ಹಿಟ್ಟಿಗೆ ಹಂದಿಯ ಕೊಬ್ಬು ಕಲಸುತ್ತಾರೆ. ಒಂದು ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ತಿನ್ನಲಿ ಬಿಡು, ಒಂಬತ್ತು ವರ್ಷದ ಪ್ಲೇಟುಗಳಿಗೆ ಇದು ಸರಿಹೋಯಿತು ಅನಿಸಿತು. ಆಮೇಲೆ ನನಗೇ ಅಸಹ್ಯವಾಯಿತು. ಆ ವಯಸ್ಸಿನವರ ಬಾಯಿಗೆ ಮೋಸದಿಂದ ಅದನ್ನು ಹೋಗಲು ಬಿಡುವಷ್ಟು ಕೆಟ್ಟವಳಲ್ಲ ನಾನು.

'ಅಮ್ಮಾ, ತಿನ್ಬೇಡಿ. ಅದಕ್ಕೆ ಹಂದಿ ಕೊಬ್ಬು ಹಾಕ್ತಾರೆ,' ಎಂದೆ.

ಅವರು ಕೂಡಲೇ ಅದನ್ನು ಪೊಟ್ಟಣಕ್ಕೆ ಇಟ್ಟು, 'ಒಳ್ಳೇದಾಯ್ತು ಹೇಳಿದ್ದು ತಾಯಿ,' ಎಂದು ಟಿಶ್ಯೂವಿನಿಂದ ಬೆರಳು ಒರೆಸಿಕೊಂಡರು. ಆದರೆ ಉಳಿದವರೆಲ್ಲ ನನ್ನ ಮುಖ ನೋಡುತ್ತಿದ್ದರು.

'ನಿಮಗೆ ಹೇಗೆ ಗೊತ್ತು?' ಎಂದು ಅಧ್ಯಕ್ಷೆ ಕೇಳಿದರು. ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಮಮ್ಮಿ ಎಲ್ಲೋ ಓದಿದ್ದಾಳೆ, ನಮ್ಮ ಮನೆಯಲ್ಲಿ ಹಂದಿ ತಿನ್ನುವುದಿಲ್ಲ ಎಂದಳು. ತಡವರಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಹಿಂದಿನ ಭಾನುವಾರ ಅವಳೇ ತಟ್ಟೆ ಮುಂದೆ ಮಾಡಿ ಎರಡನೇ ಸಲ ಬಡಿಸಿಕೊಂಡಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಜನ ನನ್ನನ್ನು ಪ್ಲೇಟು ಹೊರುವವಳನ್ನಾಗಿ ಮಾಡಿದ್ದಲ್ಲದೆ ನನ್ನ ಮಗಳಿಗೆ ಸುಳ್ಳು ಹೇಳುವುದನ್ನೂ ಕಲಿಸಿಬಿಟ್ಟರಲ್ಲ ಎಂದುಕೊಂಡೆ. ನಾನು ನಾಚಿಕೊಂಡು ಬದುಕಿದರೆ ಅದು ನನ್ನ ಕರ್ಮ. ಅವಳು ತಾನು ಉಂಡ ಅನ್ನಕ್ಕೆ ನಾಚಿಕೊಳ್ಳುವುದನ್ನು ನೋಡಿಕೊಂಡಿರಲು ನನ್ನಿಂದ ಆಗದು.

ಬೌದ್ಧರು ನಡೆಸುವ ಒಂದು ಸಸ್ಯಾಹಾರಿ ಹೋಟೆಲಿಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ ಎಂದಾಗ ಆ ಅಮ್ಮ ಕೈಮುಗಿದರು. ಸೋಯಾ ತುಂಡುಗಳು ಮಾಂಸದ ಹಾಗೆ ಕಾಣುತ್ತವೆ, ಹೆದರಬೇಡಿ ಎಂದು ಎಚ್ಚರಿಸಿ, ಎಲ್ಲರಿಗೂ ಆರ್ಡರ್ ಹೇಳಿ ಎದ್ದು ನಿಂತೆ.

'ನಾವು ಬೇರೆ ಕಡೆ ಊಟ ಮಾಡಿ ಬರ್ತೇವೆ,' ಎಂದೆ.

'ಯಾಕ್ರೀ, ಇಲ್ಲೇ ಕೂತ್ಕೊಳ್ಳಿ, ಜಾಗ ಇದೆಯಲ್ಲ,' ಎಂದರು ಅಧ್ಯಕ್ಷೆ.

'ನನಗೆ ಬೇಕಾದ್ದು ಇಲ್ಲಿ ಸಿಗುದಿಲ್ಲ.'

ಮಗಳ ತೋಳು ಹಿಡಿದು ಲೈಲ್ ಬೀದಿಗೆ ನಡೆದೆ. ಎರಡು ತಟ್ಟೆ ಹೇಳಿ, ಬೇಕೆಂದೇ ಕಿಟಕಿಯ ಪಕ್ಕದ ಮೇಜು ಹಿಡಿದೆ. ಮಗಳು ಬೀದಿಗೆ ಬೆನ್ನು ಹಾಕಿ ಕುಳಿತಳು.

'ಈ ಕಡೆ ಬಾ, ಕಾಣುವ ಹಾಗೆ ಕೂತ್ಕೋ,' ಎಂದೆ. ನಾನು ಆಡಿದ್ದು ಕೊಂಕಣಿಯಲ್ಲಿ, ಅವಳು ಉತ್ತರಿಸಿದ್ದು ಎಂದಿನಂತೆ ಇಂಗ್ಲಿಷಿನಲ್ಲಿ.

ಯಾಕೆ ಎಂದು ಕೇಳಿದಳು.

'ಯಾಕೆಂದರೆ ಸುಳ್ಳು ಹೇಳಿದ್ದು ನೀನು. ನಾವು ಯಾರ ಮನೆಯಿಂದಲೂ ಕದ್ದು ತಿನ್ನುವುದಿಲ್ಲ. ನಿನ್ನ ಅಜ್ಜಿ ಹಂದಿ ಮಾಂಸಕ್ಕೆ ಬಫಾತ್ ಪುಡಿ ಹಾಕಿ ಕುದಿಸಿದರೆ ಪರಿಮಳ ಊರಿನ ಇಗರ್ಜಿಯ ಶಿಲುಬೆಯ ತನಕ ಹೋಗುತ್ತಿತ್ತು. ಯಾರಿಗೂ ಹೆದರಿ ಅವಳು ಕಿಟಕಿ ಹಾಕಿದವಳಲ್ಲ.'

ಮಗಳು ಚಮಚ ಕೆಳಗಿಟ್ಟು ನನ್ನನ್ನು ನೆಟ್ಟಗೆ ನೋಡಿದಳು.

'ನೀನು ಹಾಕಿದೆಯಲ್ಲ,' ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅವಳಿಗೆ ಆರು ವರ್ಷವಿದ್ದಾಗ ಈ ಅಧ್ಯಕ್ಷೆ ಆಂಟಿ ಮೊದಲ ಸಲ ನಮ್ಮ ಫ್ಲ್ಯಾಟಿಗೆ ಬರುವವರಿದ್ದರು. ಬೆಳಗ್ಗೆ ಮಾಡಿದ ಹಂದಿ ಸಾರಿನ ಪಾತ್ರೆಯನ್ನು ನಾನು ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟೆನಂತೆ. ಅಡುಗೆಮನೆಯ ಕಿಟಕಿ ಹಾಕಿದೆನಂತೆ, ಊದುಬತ್ತಿ ಹಚ್ಚಿದೆನಂತೆ. ಬಂದವರು ಏನೋ ಪರಿಮಳ ಎಂದಾಗ ಪಕ್ಕದ ಮನೆಯದು ಎಂದೆನಂತೆ. ಅವಳು ನಿಜ ಹೇಳಲು ಬಾಯಿ ತೆರೆದಾಗ ಕೈ ಚಿವುಟಿದೆನಂತೆ.

'ಆಮೇಲೆ ನನಗೆ ಹೇಳಿಕೊಟ್ಟೆ, ಯಾರು ಕೇಳಿದರೂ ನಾವು ತಿನ್ನುವುದಿಲ್ಲ ಅನ್ನು ಅಂತ. ಇವತ್ತು ನಾನು ನಿನಗೋಸ್ಕರ ಹೇಳಿದ್ದು, ಮಮ್ಮಿ.'

ಅಂತೆ ಎಂದು ಬರೆದೆ, ಆದರೆ ಕೇಳುತ್ತಿದ್ದ ಹಾಗೆ ಎಲ್ಲವೂ ನೆನಪಾಯಿತು. ಆ ಬಟ್ಟೆಯ ಬಣ್ಣವೂ ನೆನಪಾಯಿತು. ಒಂಬತ್ತು ವರ್ಷ ಊರವರನ್ನೆಲ್ಲ ಬೈದುಕೊಂಡು ಓಡಾಡಿದ ನಾನು ಮಗಳ ಕೈ ಚಿವುಟಿದ್ದನ್ನು ಸಲೀಸಾಗಿ ಮರೆತಿದ್ದೆ. ನಾಚಿಕೆಯನ್ನು ಅವಳಿಗೆ ಕಲಿಸಿದವರು ಯಾರೋ ಅಲ್ಲ.

'ತಪ್ಪಾಯ್ತು,' ಎಂದೆ. ತಾಯಿಯ ಬಾಯಿಂದ ಬರಲು ಆ ಮಾತಿಗೆ ತುಂಬ ಹೊತ್ತು ಹಿಡಿಯಿತು.

ಅವಳು ಒಂದು ತುಂಡನ್ನು ಕೈಯಲ್ಲೇ ಎತ್ತಿ ಕಚ್ಚಿದಳು. ನಾನೂ ತಿಂದೆ. ತಟ್ಟೆಯಲ್ಲಿ ಒಂದಗುಳೂ ಬಿಡಲಿಲ್ಲ, ಇಬ್ಬರೂ.

ಹೊರಗೆ ಬರುವ ಹೊತ್ತಿಗೆ ಅವರದ್ದೂ ಊಟ ಮುಗಿದಿತ್ತು. ಎಲ್ಲರೂ ನಮ್ಮನ್ನು ಹುಡುಕಿಕೊಂಡು ಅದೇ ಬೀದಿಗೆ ಬಂದಿದ್ದರು. ಬಾತುಕೋಳಿಗಳು ತೂಗುತ್ತಿದ್ದ ಕಿಟಕಿಯಿಂದ ಆ ಅಮ್ಮ ಮುಖ ತಿರುಗಿಸಿ ನಿಂತರು. ಅದು ಅವರ ಹಕ್ಕು.

'ಊಟ ಆಯ್ತಾ? ಏನ್ ತಿಂದ್ರಿ?' ಎಂದು ಅಧ್ಯಕ್ಷೆ ಕೇಳಿದರು.

'ಹಂದಿ,' ಎಂದೆ. 'ಚರ್ಮ ಸಮೇತ. ನಮ್ಮ ಮನೆಯಲ್ಲೂ ಮಾಡ್ತೇವೆ. ನೀವು ಮೊದಲನೇ ಸಲ ನಮ್ಮಲ್ಲಿಗೆ ಬಂದ ದಿನ ಬಂದದ್ದು ಪಕ್ಕದ ಮನೆಯ ಪರಿಮಳ ಅಲ್ಲ. ನಾನು ಸುಳ್ಳು ಹೇಳಿದ್ದೆ, ಪಾತ್ರೆ ಬೀರುವಿನಲ್ಲಿತ್ತು.'

ಯಾರೋ ಕೆಮ್ಮಿದರು. ಅಧ್ಯಕ್ಷೆಯ ಮುಖ ಕೆಂಪಾಯಿತು.

'ಅಯ್ಯೋ, ನಮಗೆ ಅವತ್ತೇ ಗೊತ್ತಾಗಿತ್ತು ಬಿಡಿ. ನಿಮಗೆ ಮುಜುಗರ ಆಗ್ಬಾರ್ದು ಅಂತ ನಾವೂ ಸುಮ್ನಿದ್ವಿ,' ಎಂದರು. ಆಮೇಲೆ ದನಿ ತಗ್ಗಿಸಿ, 'ಅದನ್ನೆಲ್ಲ ಈಗ ಯಾಕೆ ಮಕ್ಕಳ ಮುಂದೆ?' ಎಂದರು.

'ಮಕ್ಕಳ ಮುಂದೆಯೇ ಹೇಳ್ಬೇಕಿತ್ತು,' ಎಂದೆ. 'ಎಂಟು ವರ್ಷ ತಡ ಆಯ್ತು.'

ಅಧ್ಯಕ್ಷೆ ತನ್ನ ಅಮ್ಮನ ಶಾಲು ಸರಿಮಾಡಿದರು. ಆಗ ನನ್ನ ಮಗಳು, ಯಾರೂ ಕೇಳದಿದ್ದರೂ, ನೇರವಾಗಿ ಅವರ ಮುಂದೆ ಹೋಗಿ ನಿಂತಳು.

'ಸಾರಿ ಆಂಟಿ, ಆಗ ನಾನು ಹೇಳಿದ್ದು ಸುಳ್ಳು,' ಎಂದಳು ಇಂಗ್ಲಿಷಿನಲ್ಲಿ, ಬೀದಿಯ ಗದ್ದಲದಲ್ಲೂ ಎಲ್ಲರಿಗೂ ಕೇಳುವ ಹಾಗೆ. 'ನಾವು ತಿನ್ನುತ್ತೇವೆ. ನನಗೆ ಅದು ತುಂಬ ಇಷ್ಟ.'