ವಾಮನಕಾಕಾ ಮರೆಯದೇ ಇದ್ದ ಸ್ಕ್ರೂ

ಆ ಸ್ಕ್ರೂ ಸಡಿಲ ಮಾಡಿದವನು ನಾನು, ವಾಮನಕಾಕಾ. ನೀವಲ್ಲ. ನೀವು ಅದನ್ನು ಬಿಗಿ ಮಾಡಿದ್ದಿರಿ. ಬಿಗಿ ಮಾಡಿದ್ದೇನೆಂದು ವಹಿಯಲ್ಲಿ ಬರೆದೂ ಇದ್ದಿರಿ. ಎರಡೂ ನಿಜ. ಸುಳ್ಳಾಡಿದ್ದು ನನ್ನ ಬಾಯಿ — ಅದೂ ತಮಾಷೆಯ ಧಾಟಿಯಲ್ಲಿ.

ಇದನ್ನು ಹೇಳಲು ಮೂರು ವರ್ಷ ಬೇಕಾಯಿತು. ಕನ್ನಡ ಕೂಟದ ಅಧ್ಯಕ್ಷರು ಮೈಕು ಹಿಡಿದು ಕೆಮ್ಮುವುದರಿಂದ ಹಿಡಿದು, ಗ್ರೋಸರಿ ಅಂಗಡಿಯಲ್ಲಿ ಸುಮಾಕಾಕು ಕೊತ್ತಂಬರಿ ಕಟ್ಟನ್ನು ಕಳ್ಳನನ್ನು ನೋಡಿದ ಹಾಗೆ ನೋಡುವುದರವರೆಗೆ ಎಲ್ಲರನ್ನೂ ಅಣಕಿಸುವ ನಾನು, ಈ ಒಂದು ವಾಕ್ಯಕ್ಕೆ ಮಾತ್ರ ಯಾರ ದನಿಯನ್ನೂ ಕಡ ತರಲಾಗದೆ ಕೂತಿದ್ದೆ.

ಕಾಕು ಕೂಡ ಇದನ್ನು ಓದಬೇಕು. “ಮದ್ದಿನ ಅಡಗೀಮನಿ ನಿಮ್ಮದು, ಸಾರಿನ ಅಡಗೀಮನಿ ನಂದು” ಎಂದು ಗಡಿ ಹಾಕಿಕೊಂಡು, ಗ್ಯಾರೇಜಿನ ಆ ಮೇಜಿನ ಹತ್ತಿರ ಸುಳಿಯದವರು ಅವರು. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಾನು ಹುಟ್ಟಿದ್ದು ಈ ದೇಶದಲ್ಲಿ, ಬೆಳೆದದ್ದು ಮೈಸೂರಿನಲ್ಲಿ, ಇಪ್ಪತ್ತೆರಡಕ್ಕೆ ಮತ್ತೆ ಇಲ್ಲಿಗೆ — ಸಾಂಟಾ ಕ್ಲಾರಾದ ಕೆಲಸ, ಎವರ್‌ಗ್ರೀನ್ ಬಡಾವಣೆಯ ನಿಮ್ಮ ಮನೆಯ ಮಹಡಿ ಕೋಣೆ. ಮೊದಲ ಶನಿವಾರವೇ ಗ್ಯಾರೇಜಿನಲ್ಲಿ ನಿಮ್ಮನ್ನು ಕಂಡು ಬೆರಗಾದೆ. ಚಿಪ್ ಕಂಪನಿಯ ಅಳತೆ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಧಾರವಾಡದ ಮನುಷ್ಯ, ಬದನೆಕಾಯಿ ಬಿಟ್ಟು ಯಾವುದರ ಮೇಲೂ ಕತ್ತಿ ಎತ್ತದವರು, ರೈಫಲ್ಲಿಗೆ ಕಾಡತೂಸು ತಯಾರಿಸುತ್ತ ಕೂತಿದ್ದಿರಿ! “ಗುರಿ ಕಾಗದದ್ದಪಾ,” ಎಂದಿರಿ. “ಕಾಗದಕ್ಕ ಜೀವ ಇರಂಗಿಲ್ಲ.”

ಒಮ್ಮೆ ಹಾರಿಸಿದ ಕಾಡತೂಸಿನ ಖಾಲಿ ಹಿತ್ತಾಳೆ ಕೊಳವೆಯನ್ನು, ಅಂದರೆ ಕೇಸನ್ನು, ತೊಳೆಯುವುದು, ಪ್ರೆಸ್ಸಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುವುದು, ಹೊಸ ಮದ್ದು ತುಂಬಿ ಬಾಯಿಗೆ ಗುಂಡು ಕೂರಿಸುವುದು — ಇಷ್ಟೇ ಕೆಲಸ. ಗುಂಡು ಕೂರಿಸುವ ಅಚ್ಚಿಗೆ ಡೈ ಎನ್ನುತ್ತಾರೆ. ಅದು ಪ್ರೆಸ್ಸಿನೊಳಗೆ ಎಷ್ಟು ಇಳಿದಿರಬೇಕೆಂಬುದನ್ನು ಒಂದು ಉಂಗುರ ಹಿಡಿದಿಡುತ್ತದೆ. ಆ ಉಂಗುರವನ್ನು ಹಿಡಿದಿಡುವುದು ಅಕ್ಕಿಕಾಳಿನಷ್ಟು ಸಣ್ಣ ಸ್ಕ್ರೂ.

ಕಾಕಾ ಡೈ ಹೊಂದಿಸುವುದನ್ನು ನೀವು ನೋಡಬೇಕಿತ್ತು, ಕಾಕು. ಕನ್ನಡಕ ಹಣೆಗೆ ಏರಿಸಿ, ಒಂದು ಕಣ್ಣು ಮುಚ್ಚಿ, ತಂಬೂರಿ ಶ್ರುತಿ ಮಾಡುವವರ ಹಾಗೆ ಕಿವಿ ಓರೆ ಮಾಡಿ, ಹೆಬ್ಬೆರಳಿನಿಂದ ಕೂದಲೆಳೆಯಷ್ಟು ತಿರುಗಿಸಿ — ನಾಲಿಗೆ ಲೊಚಗುಟ್ಟಿ — “ಹಾಂ, ಕೂತ್ತು.” ನನ್ನಂಥವನಿಗೆ ಇದು ಹಬ್ಬದೂಟ. ಎರಡನೇ ವಾರಕ್ಕೇ ಕಾಕಾನ ಎದುರಿಗೇ ಮಾಡಿ ತೋರಿಸಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೇಳಿದರು: “ನಕಲು ಮಾಡೋದಿದ್ರ ಪೂರಾ ಮಾಡಲೇ ಪಮ್ಯಾ. ಅರ್ಧಮರ್ಧ ಮಾಡಿದ್ರ ಅದು ಚ್ಯಾಷ್ಟಿ ಅಲ್ಲ, ಅವಮಾನ.”

ಆ ವರ್ಷದ ಯುಗಾದಿ ಊಟಕ್ಕೆ ಮನೆ ತುಂಬ ಜನ, ಕಾಕಾ. ನೀವು ಯಾರನ್ನೋ ಕಾರಿನವರೆಗೆ ಬಿಡಲು ಹೋಗಿದ್ದಿರಿ. ನಾಲ್ಕೈದು ಮಂದಿ ಗ್ಯಾರೇಜಿನಲ್ಲಿ ನನ್ನ ಸುತ್ತ ಸೇರಿ “ಕಾಕಾನ್ನ ಮಾಡೋ, ಕಾಕಾನ್ನ ಮಾಡೋ” ಎಂದರು. ನಾನು ಪೂರಾ ಮಾಡಿದೆ. ಇಲ್ಲದ ಕನ್ನಡಕವನ್ನು ಹಣೆಗೆ ಏರಿಸಿದೆ. ಮೇಜಿನ ಮೇಲಿದ್ದ ಪುಟ್ಟ ತಿರುಪು ಕೀಲಿಯಿಂದ ಆ ಸ್ಕ್ರೂ ನಿಜವಾಗಿಯೇ ಸಡಿಲ ಮಾಡಿದೆ. ಡೈಯನ್ನು ನಿಜವಾಗಿಯೇ ತಿರುಗಿಸಿದೆ. ಎಂಥ ನಗು! ನಿಮ್ಮ ಚಪ್ಪಲಿ ಸದ್ದು ಕೇಳಿದ್ದೇ ತಡ, ಅಂದಾಜಿನ ಮೇಲೆ ಡೈ ವಾಪಸ್ಸು ತಿರುಗಿಸಿ ಕೀಲಿ ಇಟ್ಟುಬಿಟ್ಟೆ. ಸ್ಕ್ರೂ ಆಮೇಲೆ ಬಿಗಿ ಮಾಡಿದರಾಯಿತು ಎಂದುಕೊಂಡೆ. ಆಮೇಲೆ ಹೋಳಿಗೆ ಬಂತು.

ಮದ್ದಿನ ಕೆಲಸದ ಮೇಜು ಅದು. ನಾನು ಮುಟ್ಟಿದ್ದು ಆ ಸ್ಕ್ರೂ ಆಗಿರದೆ, ಮದ್ದು ಅಳೆಯುವ ತಕ್ಕಡಿಯ ತಿರುಪು ಆಗಿದ್ದರೆ — ಆ ಯೋಚನೆಯನ್ನು ಇಂದಿಗೂ ಮುಗಿಸಲಾರೆ.

ಮುಂದಿನ ವಾರ ನೀವು ಕ್ಲಬ್ಬಿನ ಸ್ಪರ್ಧೆಗೆಂದು ನಲವತ್ತು ಕಾಡತೂಸು ಮಾಡಿದಿರಿ. ಮೊದಲ ಐದನ್ನು ಅಳತೆ ಪರೀಕ್ಷಿಸುವ ಗೇಜಿಗೆ ಹಾಕಿ ನೋಡಿದಿರಿ, ಸರಿಯಾಗಿ ಕೂತವು. ಗುಡ್ಡದ ಮೇಲೆ ಗುರಿ ಹೊಡೆಯುವ ರೇಂಜಿಗೆ ಪೆಟ್ಟಿಗೆ ಹೊತ್ತು ತಂದವನು ನಾನೇ. ಆರು ಗುಂಡು ಸಲೀಸಾಗಿ ಹೋದವು. ಏಳನೆಯದಕ್ಕೆ ರೈಫಲ್ಲಿನ ಹಿಂಬಾಗಿಲು, ಅದರ ಬೋಲ್ಟು, ಮುಚ್ಚಲಿಲ್ಲ. ಎಂಟು ಹೋಯಿತು, ಒಂಬತ್ತು ಮತ್ತೆ ಸಿಕ್ಕಿಕೊಂಡಿತು. ಪಕ್ಕದವನೊಬ್ಬ ಜೋರಾಗಿ ತಳ್ಳಲು ಹೇಳಿದ. ನೀವು ತಳ್ಳಲಿಲ್ಲ. ಕಾಡತೂಸು ಹೊರತೆಗೆದು, ರೈಫಲ್ ಕೆಳಗಿಟ್ಟು, ಸ್ಪರ್ಧೆಯಿಂದ ಎದ್ದು ಬಂದಿರಿ. “ಬಂದೂಕು ಬ್ಯಾಡ ಅಂದ್ರ ಬ್ಯಾಡಪಾ. ಜಬರದಸ್ತಿ ಮಾಡಬಾರದು.”

ಕಾರಿನಲ್ಲಿ ನನಗೆ ಸ್ಕ್ರೂವಿನ ನೆನಪು ಬಂದಿತ್ತು. ಬಂದೇ ಇರಲಿಲ್ಲ ಎಂದು ಬರೆದರೆ ಸೊಗಸಾಗಿರುತ್ತಿತ್ತು — ಬಂದಿತ್ತು.

ಮೂರು ಸಂಜೆ ನೀವು ಆ ರೋಗದ ಮೂಲ ಹುಡುಕಿದಿರಿ, ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಸಿಕ್ಕಿಕೊಂಡ ಕಾಡತೂಸಿಗೆ ಕಪ್ಪು ಮಾರ್ಕರು ಬಳಿದು ಗೇಜಿಗೆ ಹಾಕಿ ತೆಗೆದಿರಿ. ಕೇಸು ಕುತ್ತಿಗೆಯತ್ತ ಕಿರಿದಾಗುವ ಕಡೆ, ಅದರ ಭುಜದ ಕೆಳಗೆ, ಮಸಿ ಉಜ್ಜಿಹೋಗಿತ್ತು. ಅಲ್ಲಿ ಕೂದಲೆಳೆಯಷ್ಟು ಉಬ್ಬು. “ಒಂದು ಸಲಕ್ಕ ಒಂದ ಬದಲು ಮಾಡಬೇಕು,” ಎಂದಿರಿ. “ಎರಡು ಮಾಡಿದ್ರ, ಯಾವುದು ಗುಣ ಮಾಡ್ತು ಅಂತ ದೇವರಿಗೂ ತಿಳಿಯಂಗಿಲ್ಲ.” ಮೊದಲು ಗುಂಡನ್ನು ಇನ್ನಷ್ಟು ಒಳಗೆ ಕೂರಿಸಿ ನೋಡಿದಿರಿ, ಆಗಲೂ ಸಿಕ್ಕಿಕೊಂಡಿತು. ಆಮೇಲೆ ಕೇಸುಗಳ ಉದ್ದ ಅಳೆದಿರಿ. ಸಿಕ್ಕಿಕೊಳ್ಳುತ್ತಿದ್ದವು ತುಸು ಉದ್ದದವು ಮಾತ್ರ. ಕೊನೆಗೆ ಉದ್ದದ್ದೊಂದು ಖಾಲಿ ಕೇಸನ್ನು ಗೇಜಿಗೆ ಹಾಕಿದಿರಿ, ಕೂತಿತು. ಅದಕ್ಕೇ ಗುಂಡು ಕೂರಿಸಿ ಹಾಕಿದಿರಿ, ಕೂರಲಿಲ್ಲ. ಅಂದರೆ ಕೆಡುತ್ತಿದ್ದುದು ಗುಂಡು ಕೂರಿಸುವಾಗಲೇ. ಡೈ ಬೇಕಾದ್ದಕ್ಕಿಂತ ಕೆಳಗಿಳಿದು, ಉದ್ದನೆಯ ಕೇಸಿನ ಬಾಯಿಯನ್ನು ಒತ್ತಿ, ಭುಜವನ್ನು ಉಬ್ಬಿಸುತ್ತಿತ್ತು.

ನೀವು ಉಂಗುರವನ್ನು ಬೆರಳಲ್ಲಿ ಮುಟ್ಟಿದಿರಿ. ಅದು ತಿರುಗಿತು.

ನೀವು ವಹಿ ತೆರೆದಿರಿ. ನಿಮ್ಮ ಮುತ್ತಿನಂಥ ಅಕ್ಷರ: “ಉಂಗುರ ಬಿಗಿ ಮಾಡಿದೆ.” ಪಕ್ಕದಲ್ಲಿ ಗುರುತು. ಎರಡು ಸಲ ಓದಿದಿರಿ. ಆಮೇಲೆ, ನನ್ನ ಮುಖ ನೋಡದೆಯೇ ಕೇಳಿದಿರಿ: “ಪಮ್ಯಾ, ಇದನ್ನ ಯಾರರ ಮುಟ್ಟಿದ್ರೇನು?”

“ನಿಮ್ಮ ಮೇಜು ಮುಟ್ಟೋಕೆ ಯಾರಿಗಿದೆ ಕಾಕಾ ಧೈರ್ಯ?” ಎಂದೆ. ಕನ್ನಡ ಕೂಟದ ಅಧ್ಯಕ್ಷರ ದನಿಯಲ್ಲಿ. ಕೆಮ್ಮನ್ನೂ ಸೇರಿಸಿ.

ನೀವು ನಗಲಿಲ್ಲ. “ಬರದೀನಿ. ಆದ್ರ ಮಾಡಿಲ್ಲ,” ಎಂದಿರಿ ಮೆಲ್ಲಗೆ. “ನಮ್ಮಣ್ಣಂದೂ ಹಿಂಗ ಸುರು ಆತು.”

ನಿಮ್ಮಣ್ಣ ಕೊನೆಗೆ ತನ್ನ ಮಕ್ಕಳ ಹೆಸರನ್ನೂ ಮರೆತು ತೀರಿಕೊಂಡರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ನಿಜ ಹೇಳಲಿಲ್ಲ — ಒಂದು ಬೈಗುಳಕ್ಕೆ ಹೆದರಿ. ನೀವು ಬೈಯುತ್ತಲೂ ಇರಲಿಲ್ಲ. “ಮಂಗ್ಯಾ” ಅಂದು, ಸ್ಕ್ರೂ ಬಿಗಿ ಮಾಡಿ, ಚಹಾ ಕೇಳುತ್ತಿದ್ದಿರಿ.

ಮರುದಿನ “ಮರೆಯೋ ಮನಷ್ಯಾ ಮದ್ದು ಮುಟ್ಟಬಾರದು” ಎಂದು ಪ್ರೆಸ್ಸು, ಡೈ, ತಕ್ಕಡಿ ಎಲ್ಲವನ್ನೂ ಕ್ಲಬ್ಬಿನ ಗೆಳೆಯರಿಗೆ ಕೊಟ್ಟುಬಿಟ್ಟಿರಿ. ಅಲ್ಲಿಂದ ಮುಂದೆ ಎಲ್ಲವೂ ಅದೇ ಲೆಕ್ಕಕ್ಕೆ ಸೇರತೊಡಗಿತು. ಕೀಲಿ ಸಿಗದಿದ್ದರೆ ಅಣ್ಣನ ನೆನಪು. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ಟು ತಪ್ಪಿದರೆ ಅಣ್ಣನ ನೆನಪು. ಫ್ರೀವೇ ಮೇಲೆ ಕಾರು ಓಡಿಸುವುದನ್ನು ಬಿಟ್ಟಿರಿ. ಆ ಎಕ್ಸಿಟ್ಟನ್ನು ನಾನು ತಿಂಗಳಿಗೆರಡು ಸಲ ತಪ್ಪಿಸುತ್ತೇನೆ, ಕಾಕಾ. ನನಗೆ ಯಾರೂ ರೋಗದ ಹೆಸರು ಇಟ್ಟಿಲ್ಲ.

ಇಷ್ಟಾದ ಮೇಲೂ ನೀವು ನನಗೆ ಕೊಟ್ಟದ್ದನ್ನು ನೆನೆದರೆ ತಲೆ ಎತ್ತಲಾಗುವುದಿಲ್ಲ. ಮರುವರ್ಷ ಕೆಲಸ ಹೋದಾಗ ನಾನು ಊರು, ಓದು, ವೃತ್ತಿ ಎಲ್ಲವನ್ನೂ ಒಟ್ಟಿಗೇ ಬದಲಿಸಲು ಹೊರಟಿದ್ದೆ. ನೀವು ಪ್ರತಿದಿನ ಬೆಳಿಗ್ಗೆ ಎದುರಿಗೆ ಕೂರಿಸಿಕೊಂಡು, ಅರ್ಜಿಯಲ್ಲಿ ದಿನಕ್ಕೊಂದೇ ಸಾಲು ತಿದ್ದಿಸಿದಿರಿ. ಸಂದರ್ಶನದಲ್ಲಿ ಇನ್ನೊಬ್ಬರ ಹಾಗೆ ಮಾತಾಡುವ ನನ್ನ ಚಾಳಿ ಬಿಡಿಸಿದಿರಿ. ಸ್ಯಾನ್ ಮಟಿಯೋದ ಕೆಲಸ ಸಿಕ್ಕ ದಿನ ನನಗಿಂತ ಮೊದಲು ನೀವು ಅತ್ತಿರಿ. ಇವತ್ತು ನನಗೆ ತಾಳ್ಮೆ ಅನ್ನುವುದು ಏನಾದರೂ ಇದ್ದರೆ, ಅದು ಆ ಸ್ಟೂಲಿನ ಮೇಲೆ ಕೂತು ಕಲಿತದ್ದು. ನನ್ನ ಕೃತಜ್ಞತೆ ದೊಡ್ಡದು. ಅದನ್ನು ಹೇಳಲು ಬಾಯಿ ತೆರೆದಾಗಲೆಲ್ಲ ಈ ಸ್ಕ್ರೂ ಅಡ್ಡ ಬರುತ್ತಿತ್ತು.

ಹೋದ ಭಾನುವಾರ ಬಂದಿದ್ದೆನಲ್ಲ. ಗುರುವಾರ ನೆನಪಿನ ಡಾಕ್ಟರ ಹತ್ತಿರ ಹೋಗುವುದಿದೆ, ಮರೆತದ್ದೆಲ್ಲ ಪಟ್ಟಿ ಮಾಡಿಕೊಡು ಎಂದರು ಕಾಕು. ನೀವು ಹೇಳುತ್ತ ಹೋದಿರಿ. “ಮೊದಲನೇದು ಬರಿ — ಡೈದ ಸ್ಕ್ರೂ. ಅಲ್ಲಿಂದನ ಎಲ್ಲಾ ಸುರು ಆತು.”

ಬರೆದೆ, ಕಾಕಾ. ದುಂಡಗೆ, ಚೆಂದಗೆ ಬರೆದು, ಸೌತೆಕಾಯಿ ಹೋಳು ತಿಂದು, ಮನೆಗೆ ಹೋದೆ.

ಆ ಸಾಲು ಹೊಡೆದುಹಾಕಿ. ಪಟ್ಟಿಯಲ್ಲಿ ಉಳಿದ ಹನ್ನೊಂದು ಮರೆವುಗಳ ಅರ್ಥ ಏನೆಂದು ನನಗೆ ಗೊತ್ತಿಲ್ಲ. ಅವು ಏನೂ ಅಲ್ಲ ಎಂದು ಸಮಾಧಾನ ಹೇಳುವ ಹಕ್ಕೂ ನನಗಿಲ್ಲ. ಡಾಕ್ಟರ ಹತ್ತಿರ ಹೋಗಲೇಬೇಕು. ಆದರೆ ನಾನು ಬೇಕೆಂದೇ ಹೇಳಿದ ಸುಳ್ಳನ್ನು ನಿಮ್ಮ ರೋಗದ ಮೊದಲ ಗುರುತೆಂದು ಅವರು ಬರೆದುಕೊಳ್ಳಕೂಡದು.

ನಾಳೆ ಬುಧವಾರ ಆಫೀಸು ಮುಗಿಸಿ ನೇರ ಬರುತ್ತೇನೆ. ಈ ಹಾಳೆಗಳನ್ನು ನಿಮ್ಮಿಬ್ಬರ ಕೈಗೆ ಕೊಟ್ಟು, ಓದಿ ಮುಗಿಯುವವರೆಗೆ ಎದುರಿಗೇ ಕೂರುತ್ತೇನೆ. ಹೋಗು ಎಂದರೆ ಹೋಗುತ್ತೇನೆ. ಗುರುವಾರ ಕಾರು ಓಡಿಸಲು ನಾನು ಬೇಕಾದರೆ ಓಡಿಸುತ್ತೇನೆ. ಬೇಡವಾದರೂ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಇರುತ್ತೇನೆ — ಡಾಕ್ಟರು ಕೇಳಿದರೆ ಎದ್ದು ಬಂದು ಹೇಳಬೇಕಾದವನು ನಾನು.