ಎರಡು ಹಡಗಿಗೂ ಅವಳದೇ ಬಾವುಟ

ಮಾರ್ಬಲ್‌ಹೆಡ್ ಬಂದರಿನಲ್ಲಿ ಹಾಯಿ ಹೊಲಿಯುವ ಗಂಡಸರು ಆರು ಮಂದಿ ಇದ್ದರು. ಅವರು ಹೊಲಿದ ಹಾಯಿ ಹರಿದರೆ ಜನ ಅವರನ್ನು ಬೈಯುತ್ತಿದ್ದರು. ಬೆಥಾಯಾ ಡಾಲಿಬರ್ ಹೊಲಿದದ್ದು ಹರಿದರೆ ಮಾತ್ರ, ಅದೆಂಥ ಗಾಳಿಯಪ್ಪಾ ಎಂದು ಗಾಳಿಯ ಮಾತಾಡುತ್ತಿದ್ದರು. ಮೂವತ್ತರ ವಯಸ್ಸಿನಲ್ಲಿ ಗಂಡ ಸಿಡುಬಿನಿಂದ ಸತ್ತಾಗ, ಅವನ ದಬ್ಬಳವನ್ನೂ ಅಂಗೈಗೆ ಕಟ್ಟುವ ತೊಗಲನ್ನೂ ಎತ್ತಿಕೊಂಡು ಧಕ್ಕೆಯ ಮೇಲಿನ ಅಟ್ಟ ಹತ್ತಿದವಳು ಮತ್ತೆ ಅದನ್ನು ಬಿಡಲಿಲ್ಲ. ತಾಯಿಯಿಲ್ಲದ ತಮ್ಮ ಏಮಸ್‌ನನ್ನು ಅದೇ ಅಟ್ಟದಲ್ಲಿ, ಹಾಯಿಬಟ್ಟೆಯ ಸುರುಳಿಗಳ ನಡುವೆ ಮಲಗಿಸಿ ಸಾಕಿದಳು.

ಇಂಗ್ಲೆಂಡಿನ ದೊರೆಯ ಜೊತೆ ಯುದ್ಧ ಹತ್ತಿದ ಮೇಲೆ ಮೀನಿಗೆ ಹೋಗುವುದು ನಿಂತಿತು. ಕಾಡ್ ಮೀನು ಒಣಗಿಸುವ ಅಟ್ಟಣಿಗೆಗಳ ಮೇಲೆ ಹುಲ್ಲು ಬೆಳೆಯಿತು. ಆಗ ಹಡಗಿನ ಯಜಮಾನರು ದೊರೆಯ ವಿರುದ್ಧ ಬಂಡೆದ್ದ ವಸಾಹತುಗಳ ಕಾಂಗ್ರೆಸ್ಸಿನಿಂದ ಸನ್ನದು ತಂದರು. ಇಂಗ್ಲಿಷರ ಸರಕಿನ ಹಡಗನ್ನು ಹಿಡಿದು ತಂದು ಮಾರಬಹುದು; ಬಂದುದರಲ್ಲಿ ಅರ್ಧ ಯಜಮಾನರಿಗೆ, ಅರ್ಧ ಹಡಗಿನ ಆಳುಗಳಿಗೆ. ಸಂಬಳವಿಲ್ಲ, ಪಾಲು ಮಾತ್ರ. ಶತ್ರುವಿನ ಉಗ್ರಾಣ ಬರಿದು ಮಾಡುವವನೂ ದೇಶದ ಸೈನಿಕನೇ ಎಂದು ಪಾದ್ರಿಗಳು ಪ್ರಾರ್ಥನೆ ಮನೆಯಲ್ಲಿ ಹೇಳಿದರು. ಆ ವರ್ಷದ ಉಪದೇಶಗಳಲ್ಲಿ ಜನ ನಿದ್ದೆ ಮಾಡದೆ ಕೇಳಿದ್ದು ಅದೊಂದೇ.

ಹೊರಡುವ ಪ್ರತಿ ಹಡಗಿಗೂ ಎರಡು ಬಾವುಟ ಬೇಕಾಗುತ್ತಿತ್ತು. ಒಂದು ನಮ್ಮದು. ಇನ್ನೊಂದು ಇಂಗ್ಲಿಷರ ಕೆಂಪು ಬಾವುಟ. ಅದನ್ನು ಏರಿಸಿಕೊಂಡು ಹತ್ತಿರ ಹೋಗಬೇಕು, ತೋಪು ಹಾರಿಸುವ ಮುಂಚೆ ಇಳಿಸಿ ನಮ್ಮದನ್ನು ಏರಿಸಬೇಕು. ಅದು ಕಡಲಿನ ಮರ್ಯಾದೆ. ಆ ಕೆಂಪು ಬಾವುಟಕ್ಕೆ ಬೆಥಾಯಾಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಹೊಸ ಬಾವುಟ ಕಂಡರೆ ದೂರದರ್ಶಕ ಹಿಡಿದ ಯಾವ ಕಪ್ತಾನನಿಗೂ ಅನುಮಾನ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಹೊಲಿದದ್ದನ್ನು ಉಪ್ಪುನೀರಿನಲ್ಲಿ ಅದ್ದಿ ಬಂಡೆಯ ಮೇಲೆ ವಾರಗಟ್ಟಲೆ ಒಣಗಿಸುವಳು, ಒಲೆಯ ಹೊಗೆ ಕುಡಿಸುವಳು, ಗಾಳಿ ಬಡಿಯುವ ಅಂಚನ್ನು ಉಜ್ಜಿ ಎಳೆ ಬಿಡಿಸುವಳು. ಕೊನೆಗೆ ದೊರೆಯ ನೌಕಾಪಡೆಯವರು ಹಾಕುವಂಥದೇ ಹೊಲಿಗೆಯಲ್ಲಿ ಎರಡು ತೇಪೆ ಹಾಕುವಳು. ಏಳು ಸಾಗರ ತಿರುಗಿ ಬಂದಂತಿರುತ್ತಿತ್ತು. ಕೂಲಿಯ ಬದಲು ಅವಳೂ ಒಬ್ಬ ಆಳಿಗೆ ಬರುವುದರಲ್ಲಿ ಅರ್ಧ ಪಾಲು ಕೇಳಿದಳು, ಕೊಟ್ಟರು. ಮೊದಲ ಪಾಲಿನಲ್ಲಿ ಅಟ್ಟದ ಕಿಟಕಿಗೆ ಗಾಜು ಬಂತು.

ಏಮಸ್ ಆಗ ಕಪ್ತಾನ ಟ್ರೆಫ್ರಿಯ 'ಸ್ವಾಲೋ' ಹಡಗಿನಲ್ಲಿದ್ದ. ಮದುವೆಯಾಗಿ ಎರಡು ಮಕ್ಕಳಾಗಿದ್ದರೂ ಅಕ್ಕನನ್ನು ಕೆಣಕದೆ ಹಡಗು ಹತ್ತುತ್ತಿರಲಿಲ್ಲ.

"ಅಕ್ಕಾ, ನಿನ್ ಬಾವುಟ ಕಂಡ್ರೆ ಆ ದೊರೆ ಜಾರ್ಜೇ ಟೋಪಿ ತೆಗೀತಾನೆ."

"ಅವನು ಟೋಪಿ ತೆಗ್ಯೋವಾಗ ನೀನು ತಲೆ ತಗ್ಗಿಸ್ಕೋ. ಅಷ್ಟು ಬುದ್ಧಿ ಇದ್ರೆ ಸಾಕು," ಎಂದಳು ಬೆಥಾಯಾ.

ಜೂನ್ ತಿಂಗಳಲ್ಲಿ ಸ್ವಾಲೋ ಮರಳಿತು. ಪಕ್ಕೆಯಲ್ಲಿ ತೂತುಗಳು, ಹಾಯಿ ಕಟ್ಟುವ ಕೂವೆಮರ ಅರ್ಧಕ್ಕೆ ಮುರಿದಿತ್ತು. ಸತ್ತ ಏಳು ಮಂದಿಯನ್ನು ಕಡಲಿಗೇ ಇಳಿಸಿ ಬಂದಿದ್ದರು. ಅವರಲ್ಲಿ ಏಮಸ್ ಒಬ್ಬ. ಮಂಜಿನಲ್ಲಿ ಇಂಗ್ಲಿಷರ ಇಪ್ಪತ್ತು ತೋಪಿನ ಯುದ್ಧದ ಹಡಗು ಎದುರಾಯಿತೆಂದು ಕಪ್ತಾನ ಹೇಳಿದ. ಪಾದ್ರಿಗಳು ಏಳು ಹೆಸರನ್ನೂ ಓದಿ, ಇವರು ನಾಡಿಗಾಗಿ ಬಿದ್ದವರು ಎಂದರು. ಏಮಸ್‌ನ ಹೆಂಡತಿ ಡಾರ್ಕಸ್ ನೆಟ್ಟಗೆ ಕೂತಿದ್ದಳು, ಅಳಲಿಲ್ಲ. ಅವಳ ಅಣ್ಣ ಫಿಲೆಮನ್ ಪೀಪಾಯಿ ಮಾಡುವವನು, ಕಡಲಿಗೆ ಹೋದವನೇ ಅಲ್ಲ. ಅವನು ಸ್ವಾಲೋ ಮುಂದಿನ ಸಲ ಹೊರಟಾಗ ತಾನೂ ಹೋಗುವುದಾಗಿ ಹೆಸರು ಬರೆಸಿದ. ಭಾವಮೈದುನನನ್ನು ಕೊಂದ ಹಡಗಿನ ಲೆಕ್ಕ ತೀರಿಸುತ್ತಾನಂತೆ ಎಂದು ಓಣಿಯೆಲ್ಲ ಹೇಳಿತು. ಹಳೆಯ ಕೆಂಪು ಬಾವುಟ ಚಿಂದಿಯಾಗಿತ್ತು; ಹೊಸದು ಬೇಕೆಂದು ಕಪ್ತಾನ ಬೆಥಾಯಾಳಿಗೆ ಹೇಳಿ ಕಳಿಸಿದ.

ಬಟ್ಟೆ ಕತ್ತರಿಸಿ ಇಟ್ಟಳು. ದಬ್ಬಳ ಮುಂದೆ ಹೋಗಲಿಲ್ಲ. ಮಟಮಟ ಮಧ್ಯಾಹ್ನ, ಗಾಜಿನ ಕಿಟಕಿಯಿಂದ ಬಿಸಿಲು ಬೀಳುತ್ತಿರುವಾಗಲೇ, ತೂಗುಹಾಕಿದ ಹಾಯಿಗಳ ಹಿಂದೆ ಯಾರೋ ನಿಂತಂತಾಗುತ್ತಿತ್ತು. ಗಾಳಿಯಿಲ್ಲದಿದ್ದರೂ ಒಂದು ಹಾಯಿ ಮಾತ್ರ ಮನುಷ್ಯನ ಭುಜದಷ್ಟು ಎತ್ತರದಲ್ಲಿ ಉಬ್ಬಿಕೊಳ್ಳುವುದು. ಒದ್ದೆ ಉಣ್ಣೆಯಂಗಿಯ ವಾಸನೆ ಬರುವುದು. ಒಮ್ಮೆ ತಡೆಯಲಾರದೆ, ಬಾರೋ ಏಮಸ್, ಕೂತ್ಕೋ ಎಂದೂ ಕರೆದಳು. ಬರಲಿಲ್ಲ. ಹೋಗಲೂ ಇಲ್ಲ. ಸತ್ತವರು ಏನಾದರೂ ಬೇಕೆಂದು ಬರುತ್ತಾರೆ ಎಂದು ಅವಳು ಕೇಳಿದ್ದಳು. ಇವನು ಏನನ್ನೂ ಕೇಳುತ್ತಿರಲಿಲ್ಲ. ಅವಳ ಕಡೆ ಬೆನ್ನು ಮಾಡಿ ನಿಂತಿರುತ್ತಿದ್ದ. ಅದೇ ಅವಳನ್ನು ತಿನ್ನುತ್ತಿತ್ತು.

ಆಗಸ್ಟಿನಲ್ಲಿ ಪಕ್ಕದ ಬಂದರು ಬೆವರ್ಲಿಯಿಂದ ಒಬ್ಬ ಅಪರಿಚಿತ ಅಟ್ಟ ಹತ್ತಿ ಬಂದ. ಹೆಸರು ಎಜ್ರಾ ಓಬರ್, ಅಲ್ಲಿಯ ಸನ್ನದು ಹಡಗೊಂದರ ತೋಪಿನವನು. ಕಂಕುಳಲ್ಲಿದ್ದ ಗಂಟನ್ನು ಬಿಚ್ಚಿ ನೆಲದ ಮೇಲೆ ಹರಡಿದ. ಕೆಂಪು ಬಾವುಟ. ಎರಡು ತೇಪೆ. ಹೋದ ಚಳಿಗಾಲದಲ್ಲಿ ಅವರ ಕಪ್ತಾನನಿಗೆ ತಾನೇ ಮಾರಿದ್ದೆಂದು ಬೆಥಾಯಾ ನೋಡುತ್ತಲೇ ಗುರುತಿಸಿದಳು. ರಿಪೇರಿಗೆ ತಂದೆಯಾ ಎಂದು ಕೇಳಿದಳು.

"ಸುಟ್ಟುಹಾಕು ಅಂದ್ರು ಕಪ್ತಾನ್ರು. ನಂಗೆ ಆಗ್ಲಿಲ್ಲ ತಾಯಿ. ಇದನ್ನ ಮಾಡ್ದೋರ ಮುಖ ಒಂದ್ಸಲ ನೋಡ್ಬೇಕು ಅನ್ನಿಸ್ತು."

ಅವನು ಕೂರಲಿಲ್ಲ. ನಿಂತೇ ಹೇಳಿದ. ಜೂನಿನ ಒಂದು ಬೆಳಗ್ಗೆ ಮಂಜು ಸರಿದಾಗ ಹತ್ತಿರದಲ್ಲೇ ಇಂಗ್ಲಿಷ್ ಬಾವುಟದ ಒಂದು ಹಡಗು ಕಂಡಿತು. ಇವರೂ ಇಂಗ್ಲಿಷ್ ಬಾವುಟ ಏರಿಸಿಕೊಂಡೇ ಇದ್ದರು. ಒಬ್ಬರನ್ನೊಬ್ಬರು ಬೇಟೆಯೆಂದುಕೊಂಡು ಹತ್ತಿರ ಬಂದರು. ಇವರ ಕಪ್ತಾನ ಪಳಗಿದ ಕೈ. ಎದುರಿನ ಬಾವುಟದ ತೇಪೆಗಳನ್ನು ದೂರದರ್ಶಕದಲ್ಲಿ ನೋಡಿ, ಇದು ಅಪ್ಪಟ ದೊರೆಯ ಹಡಗು, ಸಂಶಯವೇ ಇಲ್ಲ ಎಂದ.

"ಆಮೇಲೆ ಅವರು ಕೆಂಪು ಇಳಿಸಿ ನಮ್ ಬಾವುಟ ಏರಿಸಿದ್ರು. ನಾವು ನಕ್ವಿ ತಾಯಿ. ಇಂಗ್ಲಿಷರೂ ಹಿಂಗೇ ಆಟ ಆಡ್ತಾರಲ್ಲ, ನಮ್ ಬಾವುಟ ಹಾಕ್ಕೊಂಡು. ಮೊದಲ ಬತ್ತಿ ಹಚ್ಚಿದ್ದು ನಾನೇ. ಹೊಗೆ ಹೋದ್ಮೇಲೆ ಅಲ್ಲಿಂದ ಬೈಗುಳ ಕೇಳಿಸ್ತು. ಮಾರ್ಬಲ್‌ಹೆಡ್ ಬೈಗುಳ. ಅದನ್ನ ಬಾವುಟದ ಹಾಗೆ ಯಾರ ಕೈಲೂ ಹೊಲಿಯೋಕಾಗಲ್ಲ."

ಹೆಣಗಳ ಮುಂದೆಯೇ ಎರಡೂ ಕಪ್ತಾನರು ಮಾತಾಡಿಕೊಂಡರಂತೆ. ಸುದ್ದಿ ಹೊರಬಿದ್ದರೆ ಎರಡೂ ಊರು ಬಡಿದಾಡುತ್ತವೆ, ಯಾರೂ ಹಡಗು ಹತ್ತುವುದಿಲ್ಲ. ಇಂಗ್ಲಿಷರೇ ಹೊಡೆದದ್ದು ಎಂದು ಎಲ್ಲರ ಕೈಯನ್ನೂ ಬೈಬಲ್ಲಿನ ಮೇಲೆ ಇಡಿಸಿದರು. ಹೇಳಿ ಮುಗಿಸಿ ಓಬರ್ ಬಾವುಟವನ್ನು ಅಲ್ಲೇ ಬಿಟ್ಟು ಇಳಿದುಹೋದ.

ಬೆಥಾಯಾ ಬಹಳ ಹೊತ್ತು ಆ ತೇಪೆಗಳನ್ನು ಬೆರಳಿನಿಂದ ಸವರಿದಳು. ಕೊಂದ ಹಡಗಿನ ಬಾವುಟವೂ ಅವಳ ಕೈಯದು, ಏಮಸ್ ಸತ್ತ ಸ್ವಾಲೋದ ಬಾವುಟವೂ ಅವಳ ಕೈಯದು. ಆಮೇಲೆ ಫಿಲೆಮನ್ ನೆನಪಾದ. ಇಲ್ಲದ ಹಡಗಿನ ಮೇಲೆ ಸೇಡು ತೀರಿಸಲು ಹೊರಟಿದ್ದಾನೆ, ಮತ್ತೆ ತನ್ನ ಬಾವುಟದ ಕೆಳಗೆ. ಅವನನ್ನಾದರೂ ಉಳಿಸಿಕೊಳ್ಳಬೇಕು. ಶಾಲು ಹೊದ್ದು ಡಾರ್ಕಸ್‌ಳ ಮನೆಗೆ ನಡೆದಳು.

ಡಾರ್ಕಸ್ ಅಂಗಳದಲ್ಲಿ, ದಡದಲ್ಲೇ ಗಾಳಕ್ಕೆ ಸಿಕ್ಕ ನಾಲ್ಕು ಮೀನಿಗೆ ಉಪ್ಪು ತುಂಬುತ್ತಿದ್ದಳು. ಫಿಲೆಮನ್ ಬಾಗಿಲಲ್ಲಿ ಕೂತು ಪೀಪಾಯಿಯ ಬಳೆ ಬಿಗಿಯುತ್ತಿದ್ದ. ಬೆಥಾಯಾ ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಇಬ್ಬರೂ ಕೈಯ ಕೆಲಸ ನಿಲ್ಲಿಸಲಿಲ್ಲ.

"ಗೊತ್ತು ಅಕ್ಕಾ," ಎಂದಳು ಡಾರ್ಕಸ್. "ಹಡಗು ಬಂದ ದಿನಾನೇ ಗೊತ್ತಾಯ್ತು. ಓಣಿಗೆಲ್ಲ ಗೊತ್ತು. ನಿಂಗೆ ಹೇಳ್ಬಾರ್ದು ಅಂತ ಎಲ್ರೂ ಬಾಯಿ ಹೊಲ್ಕೊಂಡಿದ್ವಿ. ನಿನ್ ಕೈ ನಿಂತೋಗುತ್ತೆ ಅಂತ."

ಬೆಥಾಯಾ ಫಿಲೆಮನ್ ಕಡೆ ತಿರುಗಿ, ಹಾಗಾದರೆ ನೀನೇಕೆ ಹೋಗುತ್ತೀ ಎಂದು ಕೇಳಿದಳು. ಮೀನು ಹಿಡಿಯುವವರಿಲ್ಲದ ಊರಿನಲ್ಲಿ ಪೀಪಾಯಿ ಯಾರಿಗೆ ಬೇಕು, ಎರಡು ಮನೆಯ ಹೊಟ್ಟೆ ತುಂಬಬೇಕಲ್ಲ ಎಂದು ಅವನು ನಿಧಾನವಾಗಿ ಹೇಳಿದ. ಸೇಡಿನ ಮಾತು ಜನ ಕಟ್ಟಿದ್ದು. ಕೇಳಲು ಚೆನ್ನಾಗಿತ್ತು, ತಾನೂ ಬೇಡವೆನ್ನಲಿಲ್ಲ ಎಂದ. ಡಾರ್ಕಸ್ ಆಗ ಕೈ ಒರೆಸಿಕೊಂಡು ಎದ್ದಳು.

"ಅವನಿಗೆ ಚೆನ್ನಾಗಿ ಒಂದು ಹೊಲಿದು ಕೊಡು ಅಕ್ಕಾ. ಏಮಸ್‌ಗೆ ಹೊಲಿದ ಹಾಗೇ."

"ಅದೊಂದು ಕೇಳ್ಬೇಡ ಕಣೇ," ಎಂದಳು ಬೆಥಾಯಾ.

ಕಪ್ತಾನ ಟ್ರೆಫ್ರಿ ತಾನೇ ಬಂದು ಒಂದು ಪೂರ್ತಿ ಪಾಲು ಕೊಡುತ್ತೇನೆಂದ. ದೇಶಕ್ಕೆ ಬೆನ್ನು ತೋರಿಸುತ್ತೀಯಾ ಡಾಲಿಬರಮ್ಮ ಎಂದೂ ಕೇಳಿದ. ಅವಳು ಕತ್ತರಿಸಿಟ್ಟ ಬಟ್ಟೆಯನ್ನು ಮಡಚಿ ಅವನ ಕೈಗೆ ಕೊಟ್ಟಳು. ತಾನು ಹೊಲಿಯದಿದ್ದರೆ ಹಡಗು ಹೊರಡುವುದು ತಡವಾದೀತು, ಅಷ್ಟರಲ್ಲಿ ಫಿಲೆಮನ್‌ನ ಮನಸ್ಸು ತಿರುಗೀತು ಎಂಬ ಆಸೆ ಅವಳಿಗಿತ್ತು. ಆದರೆ ಆ ಬಟ್ಟೆಯನ್ನು ಇನ್ನೊಬ್ಬ ಹಾಯಿಗಾರ ಎರಡೇ ದಿನದಲ್ಲಿ ಹೊಲಿದ. ಕಿಟಕಿಯಿಂದ ಅವಳು ನೋಡುತ್ತಿದ್ದಂತೆಯೇ ಹಡಗಿನವರು ಅದನ್ನು ಒಮ್ಮೆ ಏರಿಸಿ ಪರೀಕ್ಷಿಸಿದರು. ಹುಂಜದ ಜುಟ್ಟಿನಷ್ಟು ಕೆಂಪಗಿತ್ತು.

ಅಕ್ಟೋಬರಿನಲ್ಲಿ ಸ್ವಾಲೋ ಸಿಕ್ಕಿಬಿತ್ತು. ತಪ್ಪಿಸಿಕೊಂಡು ಬಂದ ಅಡುಗೆಯವನೊಬ್ಬ ಸುದ್ದಿ ತಂದ. ಈ ಸಲ ಎದುರಾದದ್ದು ನಿಜವಾದ ಇಂಗ್ಲಿಷ್ ಯುದ್ಧದ ಹಡಗು. ಮೂರು ಮೈಲಿ ದೂರದಿಂದಲೇ ಗುರುತಿಸಿ ತೋಪು ತಿರುಗಿಸಿದ್ದರು. ನಿನ್ನೆ ಹೊಲಿದ ಬಾವುಟ ಹಾಕಿಕೊಂಡು ಯಾರನ್ನು ಮೋಸ ಮಾಡಲು ಬಂದಿರಿ ಎಂದು ಅವರ ಅಧಿಕಾರಿ ಕೇಳಿದನಂತೆ. ಸೆರೆ ಸಿಕ್ಕವರನ್ನು ನ್ಯೂಯಾರ್ಕಿನ ನೀರಿನಲ್ಲಿ ಕೊಳೆಯುತ್ತಿದ್ದ ಸೆರೆಹಡಗಿಗೆ ತುಂಬಿದರು. ಫಿಲೆಮನ್ ಅಲ್ಲಿ ಜ್ವರದಿಂದ ಕ್ರಿಸ್‌ಮಸ್ಸಿಗೂ ಮುಂಚೆ ತೀರಿಕೊಂಡ.

ಡಾರ್ಕಸ್ ಅಟ್ಟ ಹತ್ತಿ ಬಂದಳು. ಹೊಸ್ತಿಲು ದಾಟಲಿಲ್ಲ.

"ಹೊಲ್ದಿದ್ರೆ ಬರ್ತಿದ್ದ," ಎಂದಳು. ಇಳಿದುಹೋದಳು.

ಮಾರನೆಯ ದಿನ ಬೆಥಾಯಾ ಕೆಂಪು ಬಟ್ಟೆ ತರಿಸಿದಳು. ಯುದ್ಧ ಮುಗಿಯುವವರೆಗೆ ಕೇಳಿದ ಹಡಗಿಗೆಲ್ಲ ಹೊಲಿದಳು, ಮೊದಲಿಗಿಂತ ಚೆನ್ನಾಗಿ ಹೊಲಿದಳು. ಪಾಲು ಮುಟ್ಟಲಿಲ್ಲ. ಒಂದೊಂದು ಬಾವುಟ ಹೊರಟಾಗಲೂ ಅದು ಯಾರನ್ನು ಉಳಿಸಲು ಹೋಗುತ್ತಿದೆಯೋ, ಯಾರನ್ನು ಕೊಲ್ಲಲೋ ತಿಳಿಯದೆ ಕಿಟಕಿಗೆ ಬೆನ್ನು ಮಾಡಿ ಕೂರುವಳು. ಹಾಯಿಗಳ ಹಿಂದೆ ಈಗ ಇಬ್ಬರು ನಿಲ್ಲುತ್ತಿದ್ದರು. ಅವಳು ಯಾರನ್ನೂ ಕೂರೆಂದು ಕರೆಯಲಿಲ್ಲ.

ಯುದ್ಧ ಗೆದ್ದಾಗ ಊರು ಡಾಂಬರಿನ ಪೀಪಾಯಿಗಳನ್ನು ಸುಟ್ಟು ಕುಣಿಯಿತು. ಬೆಥಾಯಾ ಅದಾದ ಮೇಲೂ ಹದಿನೆಂಟು ವರ್ಷ ಬದುಕಿದಳು. ಪ್ರತಿ ಶನಿವಾರ ಸಂಜೆ ಡಾರ್ಕಸ್ ಒಂದು ಮಡಕೆ ಬೇಯಿಸಿದ ಕಾಳನ್ನೂ ಕಂದು ರೊಟ್ಟಿಯನ್ನೂ ತಂದು ಅಟ್ಟದ ಕೊನೆಯ ಮೆಟ್ಟಿಲಲ್ಲಿಟ್ಟು ಹೋಗುವಳು. ಗಂಡನ ಅಕ್ಕ ಹಸಿದಿದ್ದಾಳೆ ಎಂದು ಆ ಓಣಿಯಲ್ಲಿ ಯಾರೂ ಹೇಳಿಸಿಕೊಳ್ಳುವವರಲ್ಲ. ಸೋಮವಾರ ಬೆಥಾಯಾ ಮಡಕೆಯನ್ನು ತೊಳೆದು ಅದೇ ಮೆಟ್ಟಿಲ ಮೇಲಿಡುವಳು. ಹದಿನೆಂಟು ವರ್ಷವೂ ಮಡಕೆ ತಪ್ಪಲಿಲ್ಲ. ಮಾತು ಮಾತ್ರ ಒಂದೂ ಆಗಲಿಲ್ಲ.